ಯಾವ ಎಲೆಯಲ್ಲೂ ಇಲ್ಲದ ಹಸಿರು

ಎಲ್ಲದಕ್ಕೂ ಕಾರಣ ಸ್ಕೂಟರಿನ ಸೀಟಿನ ಮೇಲೆ ಕೂತಿದ್ದ ಧೂಳು.

ತಿಥಿ ಮುಗಿಸಿಕೊಂಡು ನೆಂಟರೆಲ್ಲ ಹೊರಟುಹೋಗಿ, ಮನೆ ಮೊದಲ ಸಲ ಸುಮ್ಮನಿದ್ದ ಬೆಳಿಗ್ಗೆ ಅದು. ನಾಗಲಕ್ಷ್ಮಿ ಬಾಗಿಲು ತೆಗೆದರೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಎರಡನ್ನೂ ಕಾಯಿಸಿ, ಒಂದು ಲೋಟ ಕಾಫಿ ಮಾಡಿಕೊಂಡು, ಗೋಡೆಯ ಮೇಲಿನ ಫೋಟೋದ ಎದುರು ಕೂತಳು. ಪಾಸ್‌ಪೋರ್ಟ್ ಸೈಜಿನದನ್ನು ಅವಸರದಲ್ಲಿ ದೊಡ್ಡದು ಮಾಡಿಸಿದ ಫೋಟೋ. ಅದರಲ್ಲಿ ಅಶ್ವತ್ಥ್ ಕಪ್ಪು ಕೋಟು ಹಾಕಿಕೊಂಡಿದ್ದ. ಕೋಟಿನ ಭುಜದ ಹೊಲಿಗೆ ಅವನ ಭುಜ ದಾಟಿ ತೋಳಿಗೆ ಇಳಿದಿತ್ತು. ಇಂಥದೊಂದು ಕೋಟು ಈ ಮನೆಯ ಬೀರುವಿನಲ್ಲಿ ಯಾವತ್ತೂ ಇರಲಿಲ್ಲ. ಯಾರದೆಂದು ಕೇಳೋಣವೆಂದರೆ, ಕೇಳಬೇಕಾದವನೇ ಕೋಟಿನೊಳಗೆ ಕೂತಿದ್ದ.

ನಾಳೆಯಿಂದ ಕಾಲೇಜಿಗೆ ಹೋಗಬೇಕು. ಹೆಬ್ಬಾಳದ ಹತ್ತಿರದ ಕಾಲೇಜೊಂದರಲ್ಲಿ ಅವಳು ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಹಾಕಿಕೊಂಡು ಹೋಗಲು ಬಟ್ಟೆ ಇರಲಿಲ್ಲ. ಇರಲಿಲ್ಲವೆಂದರೆ, ಬೇಕಾದಷ್ಟಿತ್ತು. ಬಣ್ಣದವನ್ನೆಲ್ಲ ನಾದಿನಿ 'ಸದ್ಯಕ್ಕೆ ನಮ್ಮನೇಲಿರ್ಲಿ' ಎಂದು ಸೂಟ್‌ಕೇಸಿಗೆ ತುಂಬಿಕೊಂಡು ಹೋಗಿದ್ದಳು. ಆ ಜಾಗಕ್ಕೆ ನೆಂಟರು ತಂದುಕೊಟ್ಟ ಬಟ್ಟೆ ಮಂಚದ ಮೇಲೆ ಗುಡ್ಡೆಬಿದ್ದಿತ್ತು. ಕೆನೆ ಬಣ್ಣ, ಬಿಸ್ಕತ್ತಿನ ಬಣ್ಣ, ಬೂದಿ ಬಣ್ಣ, ಮತ್ತೆ ಕೆನೆ. ಎಲ್ಲ ಪಾಲಿಯೆಸ್ಟರ್. ಈ ಬೇಸಿಗೆಯಲ್ಲಿ ಅದನ್ನು ಹೊಲಿಸಿ ಹಾಕಿಕೊಂಡರೆ ಕುಕ್ಕರಿನೊಳಗೆ ನಿಂತು ಪಾಠ ಮಾಡಿದ ಹಾಗೆ. ಹೊಲಿದು ಬಂದಿದ್ದ ಒಂದೇ ಒಂದು ಕೆನೆ ಬಣ್ಣದ್ದು ಆಗಲೇ ಮೈಮೇಲಿತ್ತು.

ಅಶ್ವತ್ಥ್ ಇದ್ದಿದ್ದರೂ ಸಹಾಯವೇನೂ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಎರಡು ಬಟ್ಟೆ ಎತ್ತಿಹಿಡಿದು 'ಯಾವುದು?' ಎಂದರೆ ಅವನ ಉತ್ತರ ಒಂದೇ: 'ಯಾವುದಾದ್ರೂ ಸರಿ.' ಗಣಿತದ ಮೇಷ್ಟ್ರು. ಎಕ್ಸ್ ಇರುವ ಜಾಗದಲ್ಲಿ ಯಾವ ಸಂಖ್ಯೆ ಬೇಕಾದರೂ ಬರಬಹುದೆಂದು ಮಕ್ಕಳಿಗೆ ಹೇಳಿ ಹೇಳಿ ಹಾಗಾಗಿದ್ದನೋ ಏನೋ. ಒಂದೇ ಒಂದು ಸಲ, ಕರವಸ್ತ್ರವಾದರೂ ಸರಿ, 'ನಿನಗೆ ಈ ಬಣ್ಣ' ಎಂದು ಅವನೇ ಆರಿಸಿ ತರಲಿ ಎಂದು ಅವಳು ಮದುವೆಯಾದಾಗಿನಿಂದ ಕಾದಿದ್ದಳು. ಅದಕ್ಕೆ ಜಗಳವನ್ನೂ ಆಡಿದ್ದಳು. ಅವರ ಕೊನೆಯ ಜಗಳವೂ ಅದೇ ಆಗಿತ್ತು.

ಬಾಗಿಲು ಬಡಿದ ಸದ್ದಾಯಿತು. ಮನೆಯೊಡತಿ ಮುನಿಕೃಷ್ಣಮ್ಮ. ಪುಟ್ಟೇನಹಳ್ಳಿ ಕೆರೆಯ ಹಿಂದೆ ತಾವು ರಾಗಿ ಬೆಳೆಯುತ್ತಿದ್ದ ನೆಲದಲ್ಲೇ ಈ ಮೂರಂತಸ್ತನ್ನು ಎಬ್ಬಿಸಿ, ಅದರ ನೆಲಮಹಡಿಯಲ್ಲಿ ಗಂಡನೊಡನೆ ಕೂತು, ಮೇಲಿನವರ ಬಾಳನ್ನೆಲ್ಲ ನೋಡಿಕೊಳ್ಳುತ್ತಿದ್ದರು.

"ತಾಯಿ, ಸ್ಕೂಟ್ರು ವಸಿ ಅತ್ಲಾಗ್ ತಳ್ತೀಯಾ? ನೀರಿನ್ ಟ್ಯಾಂಕರ್ ಬತ್ತೈತೆ. ತಕೋ, ಮಜ್ಜಿಗೆ ಮೆಣಸಿನಕಾಯಿ."

ಮೆಣಸಿನಕಾಯಿ ರೇಷ್ಮೆ ಸೀರೆ ಅಂಗಡಿಯ ಚಿನ್ನದ ಅಕ್ಷರದ ಕವರಿನಲ್ಲಿತ್ತು. ಮುನಿಕೃಷ್ಣಮ್ಮನ ಮನೆಯಿಂದ ಅಂಥ ಕವರು ಬಂದರೆ ಒಳಗೆ ಸೀರೆಯೊಂದನ್ನು ಬಿಟ್ಟು ಏನು ಬೇಕಾದರೂ ಇರಬಹುದು. ನುಗ್ಗೆಕಾಯಿ, ಹಪ್ಪಳ, ಒಮ್ಮೆ ಕಡ ತೆಗೆದುಕೊಂಡಿದ್ದ ಮಿಕ್ಸಿ ಜಾರು. ಬೆಂಗಳೂರಿನ ಯಾವ ಮನೆಯಲ್ಲೂ ಬಟ್ಟೆ ಅಂಗಡಿಯ ಕವರನ್ನು ಎಸೆಯುವುದಿಲ್ಲ. ಇದು ನಾಗಲಕ್ಷ್ಮಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಹೊತ್ತಿಗೆ ನೆನಪಾಗುವುದು ಬೇರೆ ಮಾತು.

ಕೆಳಗೆ ಹೋಗಿ ನೋಡಿದರೆ ಅಶ್ವತ್ಥನ ಸ್ಕೂಟರಿನ ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒರೆಸುವ ಬಟ್ಟೆಗೆಂದು ಅವಳು ಸೀಟು ಎತ್ತಿದಳು. ಡಿಕ್ಕಿಯೊಳಗೆ ಒರೆಸುವ ಬಟ್ಟೆ ಇರಲಿಲ್ಲ. ಆರ್.ಟಿ. ನಗರದ ಮ್ಯಾಚಿಂಗ್ ಸೆಂಟರೊಂದರ ಕವರಿತ್ತು. ಕವರಿನೊಳಗೆ, ನೀಟಾಗಿ ಮಡಿಸಿದ ಹಸಿರು ಬಟ್ಟೆ.

ಹಸಿರು ಕಂಡರೆ ಅದು ಯಾವ ಎಲೆಯದೆಂದು ಅವಳ ಕಣ್ಣು ತಾನಾಗಿ ಹುಡುಕುತ್ತದೆ. ಬಾಳೆಯಲ್ಲ. ಭತ್ತದ ಸಸಿಯಲ್ಲ. ಮಳೆ ಬಿದ್ದ ಮರುದಿನದ ಹೊಂಗೆಯೂ ಅಲ್ಲ. ಯಾವ ಎಲೆಯಲ್ಲೂ ಇಲ್ಲದ, ಒಳಗೆ ದೀಪ ಹಚ್ಚಿಟ್ಟಂಥ ಹಸಿರು. ಬೆರಳಿಗೆ ಮೆತ್ತಗೆ ಹತ್ತಿಯಂತೆ ಸಿಕ್ಕಿತು. ಹತ್ತಿಯೇ.

ಕೊನೆಯ ಜಗಳ ಆಗಿದ್ದು ಇದೇ ಬೇಸಿಗೆ ಬಟ್ಟೆಯ ವಿಷಯಕ್ಕೆ. ಆಮೇಲೆ ಅವನು ಹೋಗಿ ತಂದಿಟ್ಟಿದ್ದಾನೆ. ಅವನೇ ಆರಿಸಿದ್ದಾನೆ. ಕೊಡುವ ಮೊದಲು ಎದೆ ನೋವೆಂದು ಕುರ್ಚಿಯಲ್ಲಿ ಕೂತುಬಿಟ್ಟಿದ್ದಾನೆ.

ಅವಳು ಕವರನ್ನು ಎದೆಗೊತ್ತಿಕೊಂಡು ನಿಂತಿದ್ದಾಗ ಟ್ಯಾಂಕರ್ ಬಂದು ಹಾರನ್ ಹೊಡೆಯಿತು.

"ಏನದು, ಅಸ್ರಾ?" ಮುನಿಕೃಷ್ಣಮ್ಮ ಹತ್ತಿರ ಬಂದರು. "ಆ ಬಣ್ಣ ಈಗ್ ಬ್ಯಾಡ ಕಣ್ ತಾಯಿ. ಮುತ್ತೈದೇರ್ ಬಣ್ಣ ಅದು. ಒಂದ್ ವರ್ಸ ಓಗ್ಲಿ. ನಾನೇನ್ ಅನ್ನಲ್ಲ, ಜನ ಅಂತಾರೆ."

"ಇವ್ರೇ ತಂದಿಟ್ಟಿದ್ದು ಅಮ್ಮ. ನನಗೆ ಅಂತ."

ಮುನಿಕೃಷ್ಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸತ್ತವನು ಮುತ್ತೈದೆಯ ಬಣ್ಣ ತಂದಿಟ್ಟಿದ್ದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಬಣ್ಣದ ಮಾತಲ್ರೀ ಇದು, ಬಿಸಲಿನ ಮಾತು," ಎಂದು ಮೇಲಿಂದ ದನಿ ಬಂತು. ಮೊದಲ ಮಹಡಿಯ ಶಿವಶರಣಪ್ಪ. ಕಲಬುರಗಿಯವರು, ನಿವೃತ್ತರಾಗಿ ಮಗನ ಮನೆಗೆ ಬಂದವರು. ದಿನದ ಬಹುಪಾಲು ಬಾಲ್ಕನಿಯಲ್ಲಿ ಗಿಡಗಳ ನಡುವೆ ಇನ್ನೊಂದು ಗಿಡವಾಗಿ ನಿಂತಿರುತ್ತಿದ್ದರು. "ನಮ್ಮ ಕಲಬುರಗಿ ಬಿಸಲ ಕಂಡಾಂವ ನಾ. ಹಸರ ಅಂದ್ರ ಎಲಿ ಬಣ್ಣ. ಎಲಿ ಬಿಸಲ ಹೀರ್ತದ. ಹೀರಿದ ಮ್ಯಾಲ ಮೈ ಕಾಯ್ತದೋ ಇಲ್ಲೋ ತಂಗಿ, ನೀವ ಹೇಳ್ರಿ, ನೀವ ಓದಿದವ್ರು."

"ಎಲೆ ಹಸಿರು ಕಾಣೋದೇ ಹಸಿರನ್ನ ಪೂರ್ತಿ ಹೀರ್ಕೊಳ್ಳಲ್ಲ ಅಂತ ಸರ್."

"ಹಂಗೇನ್ರಿ." ಶಿವಶರಣಪ್ಪ ತಮ್ಮ ಕರಿಬೇವಿನ ಗಿಡವನ್ನು ಮೋಸಗಾರನನ್ನು ನೋಡುವಂತೆ ನೋಡಿದರು.

ಟ್ಯಾಂಕರಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಮೇಡಂ, ಕಲರ್ ಸಕ್ಕತ್ತಾಗಿದೆ. ಮೊದ್ಲು ಗಾಡಿ ತೆಗೀರಿ."

ಇಡೀ ದಿನದಲ್ಲಿ ಸುತ್ತುಬಳಸಿಲ್ಲದ ಮಾತು ಅದೊಂದೇ. ನಾಗಲಕ್ಷ್ಮಿ ಸ್ಕೂಟರನ್ನು ಅತ್ತ ತಳ್ಳಿ, ಕವರು ಹಿಡಿದುಕೊಂಡು ನೇರವಾಗಿ ಎದುರು ಮನೆಗೆ ಹೋದಳು.

ಎದುರು ಮನೆಯ ರುಖ್ಸಾರ್ ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಬೀದಿಯ ಹೆಂಗಸರಿಗೆಲ್ಲ ಹೊಲಿಯುತ್ತಿದ್ದಳು. ಬಟ್ಟೆಯನ್ನು ಮೂಸಿ, ಹಿಂಡಿ, ಬೆಳಕಿಗೆ ಹಿಡಿದು ನೋಡಿದಳು.

"ಮಸ್ತ್ ಇದೆ ಅಕ್ಕಾ. ಪ್ಯೂರ್ ಕಾಟನ್. ಬೇಸಿಗೆಗೆ ಇದಕ್ಕಿಂತ ಬೇರೆ ಬೇಡ." ಹಾಸಲು ಹೊರಟಳು. ಬಟ್ಟೆ ಮೇಜು ತುಂಬಿ, ನೆಲಕ್ಕಿಳಿದು, ಬಾಗಿಲಿನವರೆಗೂ ಹೋಯಿತು. "ಯಾ ಅಲ್ಲಾ, ಸಾರ್ ಎಷ್ಟ್ ತಗೊಂಡ್ಬಿಟ್ಟಿದ್ದಾರೆ. ನಿಮಗೆ ಹೊಲಿದು ನಿಮ್ ಸೋಫಾಗೂ ಹೊಲೀಬಹುದು."

"ಅವ್ರಿಗೆ ಅಳತೆ ಎಲ್ಲ ಗೊತ್ತಾಗ್ತಿರ್ಲಿಲ್ಲ." ಹಾಗೆನ್ನುವಾಗ ನಾಗಲಕ್ಷ್ಮಿಯ ದನಿಯಲ್ಲಿ ಹೆಮ್ಮೆಯಿತ್ತು.

"ಇದೇನು ಅಕ್ಕಾ, ಈ ಅಂಚು?" ಒಂದು ಕಡೆ ಬಟ್ಟೆಯನ್ನು ಅಗಲವಾಗಿ ಮಡಿಸಿ ಹೊಲಿದಿತ್ತು. ರುಖ್ಸಾರ್ ಒಳಗೆ ಕೈ ತೂರಿಸಿದಳು. ಕೈ ಮೊಣಕೈವರೆಗೂ ಹೋಯಿತು. "ಪರ್ದಾ ಥರ ಇದೆ."

"ನೂಲು ಬಿಚ್ಚಿಹೋಗ್ದಿರ್ಲಿ ಅಂತ ಅಂಗಡೀಲೇ ಹೊಲಿಸಿರ್ಬೇಕು."

ರುಖ್ಸಾರ್ ಒಂದು ಗಳಿಗೆ ಅವಳ ಮುಖ ನೋಡಿದಳು. "ಹೌ, ಅದೇ ಇರ್ಬೇಕು," ಎಂದು ಆ ಹೊಲಿಗೆಯನ್ನು ಬಿಚ್ಚಿದಳು.

ಪೂರ್ತಿ ಹಸಿರಾದರೆ ಕಣ್ಣು ಕುಕ್ಕುತ್ತದೆ, ಕತ್ತಿಗೆ ತಣ್ಣಗಿನ ಬಣ್ಣದ ಪೈಪಿಂಗ್ ಬೇಕು ಎಂಬುದು ರುಖ್ಸಾರಳ ತೀರ್ಮಾನ. ನಾಗಲಕ್ಷ್ಮಿ ಮನೆಯಿಂದ ನೆಂಟರ ಗುಡ್ಡೆಯನ್ನೇ ಹೊತ್ತು ತಂದಳು. ಬೂದಿ ಬಣ್ಣ ಇಟ್ಟರೆ ಹಸಿರು ಕಾಯಿಲೆ ಬಿದ್ದಂತಾಯಿತು. ಬಿಸ್ಕತ್ತಿನ ಬಣ್ಣ ಇಟ್ಟರೆ ತೊಳೆದಿಲ್ಲದಂತೆ ಕಂಡಿತು. ದೊಡ್ಡತ್ತೆ ತಂದ ಕೆನೆ ಬಣ್ಣ ಮಾತ್ರ ಕೂತಿತು.

ಇದೆಲ್ಲ ತನಗೆ ಹಿಡಿಸುತ್ತಿದೆ ಎಂದು ನಾಗಲಕ್ಷ್ಮಿಗೆ ತಿಳಿದಾಗ ಸ್ವಲ್ಪ ನಾಚಿಕೆಯಾಯಿತು.

"ಹಾಕ್ಲಾ ಅಕ್ಕಾ?" ರುಖ್ಸಾರ್ ಕತ್ತರಿ ಎತ್ತಿದಳು. "ಒಂದ್ಸಲ ಹಾಕಿದ್ರೆ ಮುಗೀತು."

"ಹಾಕು."

ಕತ್ತರಿಯ ಸದ್ದು ಬೀದಿಗೆ ಕೇಳಿಸಿತೋ ಏನೋ, ಮುನಿಕೃಷ್ಣಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. "ಸುಮ್ಕೆ ನೋಡ್ಕಂಡ್ ಓಗಣ ಅಂತ ಬಂದೆ." ನೋಡಿದರು. ಮುಟ್ಟಿದರು. ಕೆನ್ನೆಗೆ ಒತ್ತಿಕೊಂಡರು. "ಮಿಕ್ಕಿದ್ ಏನ್ ಮಾಡ್ತೀಯಾ ತಾಯಿ? ನಂಗೆ ಅಂತ ಅಲ್ಲ. ತೀರ್ಕೊಂಡೋರ್ ಎಸ್ರಲ್ಲಿ ಒಬ್ಳು ಮುತ್ತೈದೆಗೆ ರವಿಕೆ ಕಣ ಕೊಟ್ರೆ ಒಳ್ಳೇದು ಅಂತಾರೆ."

"ಯಾರಿಗೆ ಕೊಡ್ಲಿ ಅಮ್ಮ?"

ಮುನಿಕೃಷ್ಣಮ್ಮ ಬೀದಿಯ ಆ ತುದಿ ಈ ತುದಿ ನೋಡಿ, ಯಾರೂ ಸಿಗದವರಂತೆ, "ಇನ್ಯಾರ್ನ ಉಡುಕ್ಕೊಂಡ್ ಓಗ್ತೀಯಾ, ನನ್ಗೇ ಕೊಟ್ಬಿಡು," ಎಂದರು. ಅಳತೆಯನ್ನೂ ನಿಂತಲ್ಲೇ ಕೊಟ್ಟರು.

ಅವರ ಹಿಂದೆಯೇ ಶಿವಶರಣಪ್ಪ. "ತಂಗಿ, ಕರಿಬೇವಿಗೆ ಬಿಸಲ ಭಾಳ ಹತ್ತೇದ. ಒಂದ ತುಂಡ ಹಸರ ಬಟ್ಟಿ ಇದ್ರ ನೆಳ್ಳ ಮಾಡ್ತಿದ್ದೆ. ಗಿಡಕ್ಕ ತನ್ನ ಬಣ್ಣದ ನೆಳ್ಳ ಬಿದ್ರ ತಂಪ ಅಲ್ರಿ?"

ಗಿಡಕ್ಕೆ ಎಲ್ಲಕ್ಕಿಂತ ಕಡಿಮೆ ಕೆಲಸಕ್ಕೆ ಬರುವ ಬೆಳಕೆಂದರೆ ಹಸಿರು ಬೆಳಕೇ ಎಂದು ಹೇಳಬೇಕೆನಿಸಿತು. ಆದರೆ ಅವನು ತಂದದ್ದು ಎಲ್ಲರಿಗೂ ಆಗಿ ಉಳಿಯುತ್ತಿದೆ ಎಂಬುದೇ ಚೆನ್ನಾಗಿತ್ತು. ದೊಡ್ಡದೊಂದು ತುಂಡು ಕೊಟ್ಟಳು.

ರುಖ್ಸಾರ್ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಬಿಸಿಲು ಇಳಿಯುವ ಹೊತ್ತಿಗೆ ಕುರ್ತಾ, ಪ್ಯಾಂಟು, ದುಪಟ್ಟಾ ಮುಗಿಸಿಕೊಟ್ಟಳು. ಹಾಕಿಕೊಂಡಾಗ ಮೈಗೆ ಗಾಳಿ ತಾಗಿತು. ಕನ್ನಡಿಯಲ್ಲಿದ್ದವಳನ್ನು ನಾಗಲಕ್ಷ್ಮಿ ಬಹಳ ಹೊತ್ತು ನೋಡಿದಳು. ಎಷ್ಟೋ ದಿನದಿಂದ ಎಲ್ಲರೂ ಅವಳನ್ನು ನೋಡುತ್ತಲೇ ಇದ್ದರು, ಅವಳು ಮಾತ್ರ ನೋಡಿಕೊಂಡಿರಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. 'ಪೆನ್ಷನ್ನು, ಬ್ಯಾಂಕು, ಎಲ್ಲಿಗೆ ಹೋದ್ರೂ ಮೊದಲು ನಿನ್ನ ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳ್ತಾರೆ, ಬಿಳಿ ಹಿನ್ನೆಲೆ ಇರ್ಬೇಕು' ಎಂದು ಅಣ್ಣ ಹೇಳಿ ಹೋಗಿದ್ದ. ಅಶ್ವತ್ಥ್ ಯಾವಾಗಲೂ ಹೋಗುತ್ತಿದ್ದದ್ದು ಯಲಹಂಕದ ಲಕ್ಕಣ್ಣನ ಸ್ಟುಡಿಯೋಗೆ. ಅವಳೂ ಅಲ್ಲಿಗೇ ಹೊರಟಳು, ಅವನ ಸ್ಕೂಟರಿನಲ್ಲೇ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಹುಡುಗಿಯೊಬ್ಬಳು, "ಈ ಕಲರ್ ಎಲ್ಲಿ ಸಿಕ್ತು ಮೇಡಂ?" ಎಂದಳು.

"ನಮ್ಮನೆಯವ್ರು ತಂದಿದ್ದು," ಎಂದಳು ನಾಗಲಕ್ಷ್ಮಿ.

ಲಕ್ಕಣ್ಣ ಮದುವೆಗಳ ವಿಡಿಯೋ ತೆಗೆದು ತೆಗೆದು, ಸಂತೋಷದ ಮುಖಗಳಿಗಷ್ಟೇ ಹೊಂದಿಕೊಂಡಿದ್ದ ಮನುಷ್ಯ. ಅವಳನ್ನು ಕಂಡು ಏನು ಮಾತಾಡಬೇಕೋ ತಿಳಿಯದೆ, ಸ್ಟೂಲನ್ನು ಎರಡೆರಡು ಸಲ ಒರೆಸಿ ಕೂರಿಸಿದ. ಹಿಂದೆ ಬಣ್ಣ ಮಾಸಿದ, ಹರಕು ಪರದೆಯೊಂದು ತೂಗುತ್ತಿತ್ತು.

"ಪರದೆ ಹಳೇದು ಅಂತ ಅನ್ಕೋಬೇಡಿ ಮೇಡಂ. ಈಗ ಎಲ್ಲಾ ಕಂಪ್ಯೂಟರೇ. ಹಿಂದಿನ್ ಬಣ್ಣ ಅದೇ ತೆಗೆದು ಅದೇ ಬಿಳಿ ಹಾಕತ್ತೆ."

ದೀಪ ಹತ್ತಿತು. ಕ್ಲಿಕ್ ಎಂದಿತು. ಲಕ್ಕಣ್ಣ ಕಂಪ್ಯೂಟರಿನ ತೆರೆ ನೋಡಿದ. ವೈರು ಅಲ್ಲಾಡಿಸಿದ. ಲೆನ್ಸು ಒರೆಸಿ ಮತ್ತೊಂದು ತೆಗೆದ. ಮತ್ತೆ ತೆರೆ ನೋಡಿದ.

ನಾಗಲಕ್ಷ್ಮಿ ಕತ್ತು ಚಾಚಿ ತಾನೂ ನೋಡಿದಳು. ಅಚ್ಚ ಬಿಳಿಯ ನಡುವೆ ಅವಳ ತಲೆಯಿತ್ತು. ತಲೆಯ ಕೆಳಗೆ, ದೊಡ್ಡತ್ತೆಯ ಕೆನೆ ಬಣ್ಣದ ತೆಳುವಾದ ಒಂದು ಗೆರೆ. ಅಲ್ಲಿಂದ ಕೆಳಗೆ ಏನೂ ಇರಲಿಲ್ಲ. ಬಹಳ ಕೆಳಗೆ, ಮಡಿಲೇ ಇಲ್ಲದ ಕಡೆ, ಎರಡು ಕೈ ಒಂದರ ಮೇಲೊಂದು ಸುಮ್ಮನೆ ಕೂತಿದ್ದವು.

ಲಕ್ಕಣ್ಣ ಅವಳ ಕುರ್ತಾವನ್ನು ನೋಡಿದ. ಹಿಂದಿನ ಪರದೆಯನ್ನು ನೋಡಿದ. ಮಾಸಿದ್ದರೂ ಅದೂ ಅದೇ ಹಸಿರು. ಮತ್ತೆ ಕುರ್ತಾವನ್ನು ನೋಡಿದ.

"ಈ ಬಟ್ಟೆ ಎಲ್ಲೀದು ಮೇಡಂ?"

"ನಮ್ಮನೆಯವ್ರು ತಂದಿಟ್ಟಿದ್ರು. ಗಾಡಿ ಡಿಕ್ಕೀಲಿ."

"ಆರ್.ಟಿ. ನಗರದ ಮ್ಯಾಚಿಂಗ್ ಸೆಂಟರ್ ಕವರಲ್ಲಿ?"

"ಹೌದು. ನಿಮಗೆ ಹೇಗೆ ಗೊತ್ತು?"

"ಕವರ್ ನನ್ ಹೆಂಡ್ತೀದು." ಅವನು ದೀಪ ಆರಿಸಿದ. "ಒಳಗಿದ್ದಿದ್ದು ನಂದು."

ಆಮೇಲೆ ಅವನು ಒಂದೊಂದೇ ಮಾತಾಗಿ ಹೇಳಿದ. ಪರೀಕ್ಷೆಯಲ್ಲಿ ಬಿದ್ದ ಮಕ್ಕಳಿಗೆ ಬೇಸಿಗೆಯಲ್ಲಿ ಗಣಿತದ ವಿಡಿಯೋ ಮಾಡಬೇಕೆಂದು ಅಶ್ವತ್ಥ್ ಸರ್‌ಗೆ ಆಸೆಯಿತ್ತು. ಮನೆಯ ಗೋಡೆ ಚೆನ್ನಾಗಿಲ್ಲ ಎಂದಿದ್ದರು. ಹಿಂದೆ ಈ ಬಣ್ಣದ ಪರದೆ ಕಟ್ಟಿದರೆ ಕಂಪ್ಯೂಟರು ಅದನ್ನು ಅಳಿಸಿ, ಆ ಜಾಗದಲ್ಲಿ ನಾವು ಕೇಳಿದ್ದನ್ನು ತೋರಿಸುತ್ತದೆ. ಒಂದು ವಾರದ ಮಟ್ಟಿಗೆ ಕೊಡ್ತೀರಾ ಎಂದು ಕೇಳಿ ತೆಗೆದುಕೊಂಡು ಹೋದರು.

"'ಮನೇಲಿ ಈಗ್ಲೇ ಹೇಳ್ಬೇಡಿ, ನಗ್ತಾಳೆ' ಅಂದ್ರು. ಆವತ್ತು ನಾನ್ ಮಣ್ಣಿಗ್ ಬಂದಿದ್ದೆ ಮೇಡಂ. ಪರದೆ ಕೇಳೋ ಹೊತ್ತಾ ಅದು."

ನಾಗಲಕ್ಷ್ಮಿ ತನ್ನ ಕೈಗಳನ್ನು ನೋಡಿಕೊಂಡಳು. ಅವು ಇದ್ದವು. "ಹಿಂದೆ ಏನ್ ಬರ್ಬೇಕು ಅಂತ ಹೇಳಿದ್ರಾ?"

"ನಾನೇ ಕೇಳ್ದೆ. ಸರ್, ಕಪ್ಪು ಹಲಗೆ ಹಾಕ್ಲಾ, ಲೈಬ್ರರಿ ಹಾಕ್ಲಾ, ಹಿಮಾಲಯ ಹಾಕ್ಲಾ ಅಂತ."

"ಏನಂದ್ರು?"

"ಯಾವುದಾದ್ರೂ ಸರಿ ಅಂದ್ರು."

ಅವನೇ. ಇನ್ನು ಅನುಮಾನವೇ ಇರಲಿಲ್ಲ.

"ಇರ್ಲಿ ಬಿಡಿ ಮೇಡಂ, ನಿಮ್ ಮೈ ಮೇಲಿರೋ ಬಟ್ಟೆ ನಾನು..." ಎಂದು ಲಕ್ಕಣ್ಣ ಹೇಳುತ್ತಿದ್ದಂತೆಯೇ ಅವಳು ಎದ್ದಳು. "ಬಾಗಿಲು ಹಾಕ್ಬೇಡಿ. ಬಂದೆ."

ಮನೆಗೆ ಹೋಗಿ ಹಸಿರನ್ನು ಕಳಚಿ ಮಡಿಸಿದಳು. ಕೆನೆ ಬಣ್ಣದ ಪಾಲಿಯೆಸ್ಟರನ್ನು ಮತ್ತೆ ತೊಟ್ಟಳು. ಕುಕ್ಕರಿನ ಮುಚ್ಚಳ ಬಿದ್ದಂತಾಯಿತು.

ರುಖ್ಸಾರ್ ಮುನಿಕೃಷ್ಣಮ್ಮನ ರವಿಕೆಯನ್ನೂ ಹೊಲಿದು ಮುಗಿಸಿದ್ದಳು. ಮುನಿಕೃಷ್ಣಮ್ಮ ಅದನ್ನು ತೊಟ್ಟು ಬೀದಿಯಲ್ಲಿ ಒಂದು ಸುತ್ತನ್ನೂ ಮುಗಿಸಿದ್ದರು.

"ಕೊಟ್ಟಿದ್ ರವಿಕೆ ವಾಪಸ್ ಕೇಳೋರ್ನ ಇವತ್ತೇ ಕಣಮ್ಮ ನಾನ್ ನೋಡಿದ್ದು," ಎಂದು ಅವರು ಸೊಂಟದ ಮೇಲೆ ಕೈಯಿಟ್ಟರು. ನಾಗಲಕ್ಷ್ಮಿ ನಡೆದದ್ದನ್ನು ಹೇಳಿದಳು. ಮುನಿಕೃಷ್ಣಮ್ಮ ಯೋಚನೆಗೆ ಬಿದ್ದರು.

"ಅಂಗಂದ್ರೆ, ಇದ್ನ ಆಕ್ಕೊಂಡು ವಿಡಿಯೋದಾಗ್ ನಿಂತ್ರೆ ನಾನ್ ಕಾಣಾಕಿಲ್ವಾ?"

"ರವಿಕೆ ಇರೋಷ್ಟು ಜಾಗ ಕಾಣಲ್ಲ ಅಮ್ಮ."

"ಅಯ್ಯೋ ಶಿವ್ನೆ." ಅವರು ಸರಸರನೆ ಒಳಗೆ ಹೋಗಿ ಬಿಚ್ಚಿ ತಂದುಕೊಟ್ಟರು. "ತಕೊಂಡೋಗು. ನಮ್ ಮೊಮ್ಮಗಳ ಮದ್ವೆ ಐತೆ."

ಶಿವಶರಣಪ್ಪ ಬಾಲ್ಕನಿಯ ಕಂಬಿಗೆ ಹಾಕಿದ್ದ ಗಂಟನ್ನು ಬಿಚ್ಚುತ್ತ, "ಮುಂಜಾನಿಂದ ಎರಡ ಎಲಿ ಚಿಗತಾವ್ರಿ ತಂಗಿ, ಬೇಕಾದ್ರ ಎಣಸ್ರಿ," ಎಂದು ಬೇಸರಪಟ್ಟುಕೊಂಡರು. ಬಟ್ಟೆಯ ಮೇಲೆ ಕಾಗೆಯೊಂದು ಆಗಲೇ ತನ್ನ ಅಭಿಪ್ರಾಯ ತಿಳಿಸಿ ಹೋಗಿತ್ತು. ಅದನ್ನು ತೊಳೆದು ಹಿಂಡಿ, ಎಲ್ಲವನ್ನೂ ಅದೇ ಮ್ಯಾಚಿಂಗ್ ಸೆಂಟರಿನ ಕವರಿಗೆ ತುಂಬಿ ಅವಳು ಸ್ಟುಡಿಯೋಗೆ ಹೋದಳು.

ಲಕ್ಕಣ್ಣ ಒಂದೊಂದನ್ನೇ ತೆಗೆದು ಪರದೆಯ ಕೋಲಿಗೆ ಸಿಕ್ಕಿಸಿ ನೋಡಿದ. ಎರಡೂ ಕೈ ಚಾಚಿದ ಕುರ್ತಾ, ಅದರ ಪಕ್ಕ ಪ್ಯಾಂಟು, ದುಪಟ್ಟಾ, ಅಗಲವಾದ ಒಂದು ರವಿಕೆ, ಒದ್ದೆ ತುಂಡು. ಯಾರದೋ ಸಂಸಾರ ಒಣಗಲು ಹಾಕಿದಂತಿತ್ತು. ನಡುನಡುವೆ ಗೋಡೆ ಇಣುಕುತ್ತಿತ್ತು.

"ಪಿನ್ ಹಾಕಿ ನೋಡೋಣ," ಎಂದ ಅವನು, ನಂಬಿಕೆಯಿಲ್ಲದೆ. "ನಿಮ್ ಫೋಟೋ ಆಗೇ ಇಲ್ವಲ್ಲ ಮೇಡಂ. ಕೂತ್ಕೊಳ್ಳಿ."

ಹಳೆಯ ಹರಕು ಪರದೆಯ ಮುಂದೆ ಅವಳು ಮತ್ತೆ ಕೂತಳು. ಕ್ಲಿಕ್ ಎಂದಿತು. ಲಕ್ಕಣ್ಣ ತೆರೆಯನ್ನು ನೋಡಿ ತಲೆ ಕೆರೆದುಕೊಂಡ.

"ಬಿಳೀಲಿ ನಿಮ್ ಕೆನೆ ಬಣ್ಣ ಸೇರ್ಕೊಂಡ್ಬಿಡ್ತು. ಮತ್ತೆ ತಲೆ ಮಾತ್ರ. ನೀಲಿ ಹಾಕ್ಲಾ?"

"ಬಿಳೀನೇ ಕೇಳಿದ್ದಾರೆ."

"ತಡೀರಿ ಹಾಗಾದ್ರೆ." ಅವನು ಕನ್ನಡಿಯ ಪಕ್ಕದ ಮೊಳೆಯಿಂದ ಏನನ್ನೋ ತೆಗೆದು ಕೊಡವಿದ. "ಇದನ್ ಹಾಕೊಳ್ಳಿ. ಇಲ್ ಬರೋರಿಗೆಲ್ಲ ಇದೇ."

ಕಪ್ಪು ಕೋಟು. ಅವಳು ಅದರ ಭುಜದ ಹೊಲಿಗೆಯನ್ನು ನೋಡಿದಳು.

"ಅಶ್ವತ್ಥ್ ಸರ್‌ಗೂ..." ಎಂದು ಶುರುಮಾಡಿದ ಲಕ್ಕಣ್ಣ ಕ್ಯಾಮೆರಾದ ಹಿಂದೆ ತಲೆ ಮರೆಸಿಕೊಂಡ.

ಕೋಟಿಗೆ ಪೌಡರಿನ, ಬೆವರಿನ, ಎಷ್ಟೋ ಜನರ ವಾಸನೆಯಿತ್ತು. ತೋಳು ಬೆರಳುಗಳನ್ನು ಮುಚ್ಚಿತು. ಒಳಗಿನ ಸ್ಯಾಟಿನ್ ಮಾತ್ರ ಈ ಸೆಕೆಯಲ್ಲೂ ತಣ್ಣಗಿತ್ತು.

"ಈಗ ಪೂರ್ತಿ ಬಂದ್ರಿ ಮೇಡಂ," ಎಂದ ಲಕ್ಕಣ್ಣ.

ಅವನು ಫೋಟೋ ಕತ್ತರಿಸಿ ಕವರಿಗೆ ಹಾಕುವವರೆಗೂ ನಾಗಲಕ್ಷ್ಮಿ ಕೋಟು ಬಿಚ್ಚಲಿಲ್ಲ. ಆಮೇಲೆ ಗುಂಡಿ ಒಂದೊಂದಾಗಿ ತೆಗೆದು, ತೋಳುಗಳನ್ನು ನೀವಿ, ಇಳಿದಿದ್ದ ಭುಜವನ್ನು ಎರಡು ಸಲ ಮೇಲಕ್ಕೆಳೆದು, ಅದನ್ನೂ ಮೊಳೆಗೆ ತಗುಲಿಸಿದಳು.